ಶಾಲೆ ಮತ್ತೆ ಮುಚ್ಚಿದರೆ ಮೊದಲ ದಿನ ಏನು ಮಾಡಬೇಕು? ಕಂಡವರು ಹೇಳಿ

ಸುಣ್ಣದಕಡ್ಡಿ:
ಎಲ್ಲರಿಗೂ ನಮಸ್ಕಾರ. ಸರ್ಕಾರಿ ಪ್ರಾಥಮಿಕ ಶಾಲೆಯೊಂದಕ್ಕೆ ಈ ವರ್ಷ ಮುಖ್ಯ ಶಿಕ್ಷಕಿಯಾಗಿದ್ದೇನೆ. ಮೇಲಿನ ಕಚೇರಿಯಿಂದ ಪತ್ರ ಬಂದಿದೆ. ಸಾಂಕ್ರಾಮಿಕ ರೋಗದಿಂದ ಶಾಲೆ ಬಹುಕಾಲ ಮುಚ್ಚಬೇಕಾಗಿ ಬಂದರೆ ಮಕ್ಕಳ ಕಲಿಕೆ ಹೇಗೆ ಮುಂದುವರಿಸುತ್ತೀರಿ, ಎರಡು ಪುಟ ಮೀರದಂತೆ ಬರೆದು ಕಳಿಸಿ ಅಂತ. ಜೊತೆಗೊಂದು ನಮೂನೆ. ಮೊದಲ ಕಲಂ "ಲಭ್ಯವಿರುವ ಟ್ಯಾಬ್ಲೆಟ್‌ಗಳ ಸಂಖ್ಯೆ". ನಮ್ಮಲ್ಲಿ ಸೊನ್ನೆ. ಎರಡನೇ ಕಲಂ "ಆನ್‌ಲೈನ್ ತರಗತಿಯ ವೇಳಾಪಟ್ಟಿ". ಅಲ್ಲಿಗೆ ಪೆನ್ನು ನಿಂತಿತು.

2020ರಲ್ಲಿ ನಾನು ನಾಲ್ಕನೇ ಕ್ಲಾಸಿನ ಟೀಚರ್. 34 ಮಕ್ಕಳು. ಎಲ್ಲರ ಹಾಗೆ ವಾಟ್ಸಾಪ್ ಗ್ರೂಪ್ ಮಾಡಿದೆ, ದಿನಕ್ಕೊಂದು ವಿಡಿಯೋ ಹಾಕಿದೆ, ಎಷ್ಟು ಜನ ನೋಡಿದರು ಅಂತ ರಾತ್ರಿ ಎಣಿಸಿ ಸಮಾಧಾನಪಟ್ಟೆ. ಶಾಲೆ ತೆರೆದ ಮೇಲೆ ತಿಳಿಯಿತು, ನೋಡಿದವರು ಅಪ್ಪಂದಿರು. ಫೋನ್ ಅವರ ಜೇಬಲ್ಲಿ, ಅವರು ಕೆಲಸದಲ್ಲಿ, ಮಗು ಮನೆಯಲ್ಲಿ. ಮತ್ತೆ ಅದನ್ನೇ ಯೋಜನೆ ಅಂತ ಬರೆದುಕೊಡಲು ಕೈ ಬರುತ್ತಿಲ್ಲ. ನಿಜವಾಗಿ ಉಪಯೋಗಕ್ಕೆ ಬಂದದ್ದು ಏನು? ಬಾರದೆ ಹೋದದ್ದನ್ನೂ ಹೇಳಿ, ಬೇಜಾರಿಲ್ಲ.

ಹಳೇಮೇಷ್ಟ್ರು:
ನಮೂನೆ ಮಾಡಿದವರು ಹಿಂದಿನಿಂದ ಮುಂದಕ್ಕೆ ಯೋಚಿಸಿದ್ದಾರೆ ಬಿಡಿ ಮೇಡಂ. ಟ್ಯಾಬ್ಲೆಟ್ ಕಲಂಗೆ ಸೊನ್ನೆ ಹಾಕಿ ಮುಂದೆ ಹೋಗಿ. ನಿಮ್ಮ ಹಾಜರಾತಿ ಪುಸ್ತಕ ತೆಗೆದು ಒಂದೊಂದು ಹೆಸರಿನ ಮುಂದೆ ಮೂರು ಸಂಗತಿ ಬರೆಯಿರಿ. ಈ ಮಗುವನ್ನು ತಲುಪಲು ಇರುವ ದಾರಿ ಯಾವುದು, ಆ ಫೋನ್ ಮಗುವಿನ ಕೈಗೆ ಸಿಗುವುದು ಎಷ್ಟು ಗಂಟೆಗೆ, ಮನೆಯಲ್ಲಿ ಓದಲು ಬರುವವರು ಯಾರು. ಇಂಟರ್ನೆಟ್ ಇದೆಯೋ ಇಲ್ಲವೋ ಅನ್ನುವುದು ನಾಲ್ಕನೇ ಪ್ರಶ್ನೆ.

ಇನ್ನೊಂದು ಮಾತು. ದಾಖಲಾತಿ ಅರ್ಜಿಯಲ್ಲಿ ಬರೆದ ಫೋನ್ ನಂಬರನ್ನು ನಂಬಬೇಡಿ. ಸಿಮ್ ಬದಲಾಗಿರುತ್ತದೆ, ಪಕ್ಕದ ಮನೆಯವರ ನಂಬರ್ ಕೊಟ್ಟಿರುತ್ತಾರೆ. ಶಾಲೆ ನಡೆಯುತ್ತಿರುವಾಗಲೇ ಒಂದು ಸಲ ಎಲ್ಲ ನಂಬರಿಗೂ ಕರೆ ಮಾಡಿ ನೋಡಿ. ಬೆಂಕಿ ಬಿದ್ದ ಮೇಲೆ ಬಾವಿ ತೋಡಿದ್ದು ಒಮ್ಮೆ ಆಯಿತಲ್ಲ.

ಸರ್ವರ್‌ಡೌನ್:
ಮೇಷ್ಟ್ರ ಮಾತು ಒಪ್ಪುತ್ತೇನೆ, ಆದರೆ ಟ್ಯಾಬ್ಲೆಟ್ ಕಲಂ ಅಷ್ಟು ಹಗುರ ಮಾಡಬೇಡಿ. ಉರುಗ್ವೆ ನೋಡಿ. 2007ರಲ್ಲೇ ಸೇಬಲ್ ಯೋಜನೆ ಶುರು ಮಾಡಿ ಸರ್ಕಾರಿ ಶಾಲೆಯ ಪ್ರತಿ ಮಗುವಿಗೂ ಲ್ಯಾಪ್‌ಟಾಪ್ ಕೊಡುತ್ತಾ ಬಂದಿದ್ದರು. 2020ರ ಮಾರ್ಚಿನಲ್ಲಿ ಶಾಲೆ ಮುಚ್ಚಿದಾಗ ಸಾಧನ, ಪಾಠದ ವೇದಿಕೆ, ತರಬೇತಿ ಪಡೆದ ಟೀಚರ್‌ಗಳು ಎಲ್ಲ ಸಿದ್ಧ. ಬೇರೆ ಕಡೆ ಟೆಂಡರ್ ಕರೆಯುವಷ್ಟರಲ್ಲಿ ಅವರು ಪಾಠ ಶುರು ಮಾಡಿದ್ದರು. ತಂತ್ರಜ್ಞಾನ ಕೈಕೊಟ್ಟಿತು ಅನ್ನುವವರೆಲ್ಲ ತಡವಾಗಿ ಕೊಂಡವರು.

ಕೊನೇಬೆಂಚು:
ಆಗ ನಾನು ಎಂಟನೇ ಕ್ಲಾಸ್. ವಿದ್ಯಾರ್ಥಿ ಕಡೆಯ ಮಾತೂ ಒಂದಿರಲಿ ಅಂತ ಬರೀತಿದೀನಿ.

ನನ್ನ ಹತ್ತಿರ ಫೋನ್ ಇತ್ತು, ನೆಟ್ ಇತ್ತು, ಎಲ್ಲ ಕ್ಲಾಸಿಗೂ ಹಾಜರ್. ಲಾಗಿನ್ ಆಗಿ, ಕ್ಯಾಮೆರಾ ಆಫ್ ಮಾಡಿ, ಮ್ಯೂಟ್ ಮಾಡಿ, ಅದೇ ಫೋನಲ್ಲಿ ಗೇಮ್. ಸರ್ ಹೆಸರು ಕೂಗಿದರೆ "ಸರ್ ವಾಯ್ಸ್ ಬ್ರೇಕ್ ಆಗ್ತಿದೆ ಸರ್" ಅಂತ ಟೈಪ್ ಮಾಡೋದು. ಈ ಒಂದೇ ಸಾಲನ್ನ ಕಾಪಿ ಮಾಡಿ ಇಟ್ಕೊಂಡಿದ್ದೆ. ಹಾಜರಾತಿಯಲ್ಲಿ ನಾನು 100ಕ್ಕೆ 100. ಬೀಜಗಣಿತ ಇವತ್ತಿಗೂ ಬರಲ್ಲ.

ಎರಡುಮಕ್ಕಳಮ್ಮ:
@ಕೊನೇಬೆಂಚು ನಿನ್ನ ಅಮ್ಮನಿಗೆ ಈ ಲಿಂಕ್ ಕಳಿಸಲಾ ಮಗನೇ? 😄

ನಮ್ಮ ಮನೆಯಲ್ಲಿ ಒಂದು ಫೋನ್, ಇಬ್ಬರು ಮಕ್ಕಳು, ಇಬ್ಬರದ್ದೂ ಹತ್ತು ಗಂಟೆಗೇ ಕ್ಲಾಸ್. ದೊಡ್ಡವಳಿಗೆ ಪರೀಕ್ಷೆ ವರ್ಷ, ಹಾಗಾಗಿ ಫೋನ್ ಅವಳದು. ಚಿಕ್ಕವನು ಒಂದು ವರ್ಷ ಪೂರ್ತಿ ಅವಳ ಪಕ್ಕ ಕೂತು ಹತ್ತನೇ ಕ್ಲಾಸಿನ ವಿಜ್ಞಾನ ಕೇಳಿದ. ದ್ಯುತಿಸಂಶ್ಲೇಷಣೆ ಅನ್ನುವ ಪದ ಚೆನ್ನಾಗಿ ಹೇಳುತ್ತಿದ್ದ, ತನ್ನ ಹೆಸರು ಬರೆಯುವುದು ಮರೆತಿದ್ದ. ಶಾಲೆಯವರು ಒಬ್ಬರಿಗೊಬ್ಬರು ಕೇಳಿಕೊಂಡು ದೊಡ್ಡವರ ಕ್ಲಾಸ್ ಬೆಳಿಗ್ಗೆ, ಚಿಕ್ಕವರದ್ದು ಸಂಜೆ ಅಂತ ಇಟ್ಟಿದ್ದರೆ ಸಾಕಿತ್ತು. ಅದಕ್ಕೆ ದುಡ್ಡೂ ಬೇಕಿರಲಿಲ್ಲ, ಟ್ಯಾಬ್ಲೆಟ್ಟೂ ಬೇಕಿರಲಿಲ್ಲ.

ಅಂಕಿಅಂಶಿ:
ಸರ್ವರ್‌ಡೌನ್ ಅವರೇ, ಸಾಧನ ಇದ್ದ ಕಡೆಯೂ ಕಥೆ ಅಷ್ಟು ನೇರವಾಗಿಲ್ಲ. ನೆದರ್‌ಲೆಂಡ್ಸ್‌ನಲ್ಲಿ 2020ರಲ್ಲಿ ಶಾಲೆ ಮುಚ್ಚಿದ್ದು ಸುಮಾರು 8 ವಾರ ಮಾತ್ರ. ಮನೆ ಮನೆಗೂ ಒಳ್ಳೆಯ ಬ್ರಾಡ್‌ಬ್ಯಾಂಡ್. ಅಲ್ಲಿ ಪ್ರತಿ ವರ್ಷ ಎರಡು ಸಲ ರಾಷ್ಟ್ರಮಟ್ಟದ ಪರೀಕ್ಷೆ ನಡೆಯುವುದರಿಂದ ಮುಚ್ಚುವ ಮೊದಲಿನ ಅಂಕಕ್ಕೂ ನಂತರದ ಅಂಕಕ್ಕೂ ಹೋಲಿಕೆ ಸಾಧ್ಯವಾಯಿತು. ಹೋಲಿಸಿದಾಗ ಕಂಡದ್ದು ಒಂದು ವರ್ಷದ ಕಲಿಕೆಯಲ್ಲಿ ಐದನೇ ಒಂದು ಭಾಗದಷ್ಟು ನಷ್ಟ. ಲೆಕ್ಕ ಹಾಕಿದರೆ ಶಾಲೆ ಮುಚ್ಚಿದ್ದ ಅವಧಿಯೂ ಅಷ್ಟೇ! ಅಂದರೆ ಸರಾಸರಿ ಮಗು ಮನೆಯಲ್ಲಿ ಕೂತು ಕಲಿತದ್ದು ಹೆಚ್ಚೂಕಡಿಮೆ ಏನೂ ಇಲ್ಲ. ಓದು ಕಡಿಮೆಯಿರುವ ತಂದೆತಾಯಿಯ ಮನೆಗಳಲ್ಲಿ ನಷ್ಟ ಇನ್ನೂ ಶೇ 60ರವರೆಗೆ ಹೆಚ್ಚು.

ಜಗತ್ತಿನ ಅತ್ಯುತ್ತಮ ಸಂಪರ್ಕ ಇದ್ದಲ್ಲೇ ಹೀಗೆ. ಯುನಿಸೆಫ್ 2020ರ ಆಗಸ್ಟ್‌ನಲ್ಲಿ ಕೊಟ್ಟ ಅಂದಾಜಿನಂತೆ ಕನಿಷ್ಠ 46.3 ಕೋಟಿ ಮಕ್ಕಳಿಗೆ ಟಿವಿ, ರೇಡಿಯೋ, ಇಂಟರ್ನೆಟ್ ಯಾವ ದಾರಿಯಿಂದಲೂ ಪಾಠ ಮುಟ್ಟುವಂತಿರಲಿಲ್ಲ. ಮೂವರಲ್ಲಿ ಒಬ್ಬರು.

ಸರ್ವರ್‌ಡೌನ್:
ಸರಿ, ತಂತಿ ಎಳೆದ ಮಾತ್ರಕ್ಕೆ ಕಲಿಕೆ ಹರಿಯುವುದಿಲ್ಲ, ಒಪ್ಪಿದೆ. ಆದರೂ ತಂತಿಯೇ ಇಲ್ಲದಿದ್ದರೆ? ಅಮೆರಿಕದ ಆಸ್ಟಿನ್‌ನಲ್ಲಿ ಓಡದೆ ನಿಂತಿದ್ದ ಶಾಲಾ ಬಸ್ಸುಗಳಿಗೆ ವೈಫೈ ಕೂರಿಸಿ, ಸಂಪರ್ಕ ಇಲ್ಲದ ಮಕ್ಕಳ ಮನೆಗಳ ಬಳಿ ನಿಲ್ಲಿಸಿದರು. ಇದ್ದ ವಸ್ತುವನ್ನೇ ಬೇರೆ ಕೆಲಸಕ್ಕೆ ಹಚ್ಚಿದ್ದು ನನಗಂತೂ ಇಷ್ಟವಾಯಿತು.

ರೇಡಿಯೋಕಿವಿ:
ಎಲ್ಲರೂ ಇದು 2020ರಲ್ಲಿ ಮೊದಲ ಸಲ ಆಯಿತು ಅನ್ನುವ ಹಾಗೆ ಮಾತಾಡುತ್ತಿದ್ದೀರಿ. 1937ರ ಸೆಪ್ಟೆಂಬರ್, ಶಿಕಾಗೋ. ಪೋಲಿಯೋ ಹರಡಿ ಶಾಲೆ ತೆರೆಯುವುದನ್ನೇ ಮುಂದೂಡಿದರು. 3ರಿಂದ 8ನೇ ತರಗತಿವರೆಗಿನ ಸುಮಾರು 3.25 ಲಕ್ಷ ಮಕ್ಕಳಿಗೆ ರೇಡಿಯೋದಲ್ಲಿ ಪಾಠ. ಒಂದೊಂದು ಪಾಠ 15 ನಿಮಿಷ. ಯಾವ ಸ್ಟೇಷನ್, ಎಷ್ಟು ಗಂಟೆ, ಯಾವ ವಿಷಯ, ಕೇಳಿದ ಮೇಲೆ ಉತ್ತರಿಸಬೇಕಾದ ಪ್ರಶ್ನೆ ಯಾವುದು ಅಂತ ಬೆಳಗಿನ ಪತ್ರಿಕೆಗಳಲ್ಲಿ ಅಚ್ಚಾಗುತ್ತಿತ್ತು. ಮಕ್ಕಳು ಕೇಳಿ, ಮನೆಗೆಲಸ ಮಾಡಿಟ್ಟು, ಶಾಲೆ ತೆರೆದಾಗ ತಂದು ಕೊಡಬೇಕು.

ನನಗೆ ಹಿಡಿಸಿದ್ದು ರೇಡಿಯೋ ಅಲ್ಲ, ಅದರ ಜೊತೆಗಿದ್ದ ಟೆಲಿಫೋನ್. ಅನುಮಾನ ಇದ್ದರೆ ಕೇಳಿ ಅಂತ ಒಂದು ನಂಬರ್ ಕೊಟ್ಟು ಟೀಚರ್‌ಗಳನ್ನು ಕೂರಿಸಿದ್ದರು. ಮೊದಲ ದಿನವೇ ಸಾವಿರಕ್ಕೂ ಹೆಚ್ಚು ಕರೆ ಬಂದು, ಇನ್ನಷ್ಟು ಟೀಚರ್‌ಗಳನ್ನು ಕರೆಸಬೇಕಾಯಿತು. ಆಗಿನ ದೂರುಗಳು ಏನು ಗೊತ್ತೇ? ಸಿಗ್ನಲ್ ಸರಿಯಿಲ್ಲ, ಪಾಠ ಬಹಳ ವೇಗ, ಹಿಂದುಳಿದ ಮಗುವಿಗೆ ಪ್ರಶ್ನೆ ಕೇಳಲು ಆಗುವುದಿಲ್ಲ. ಎಂಬತ್ತಮೂರು ವರ್ಷ ಕಳೆದು ನಾವು ಇದೇ ಮೂರನ್ನು ಹೊಸದಾಗಿ ಬರೆದೆವು.

ಶೂನ್ಯಸಿಗ್ನಲ್:
ಟಿವಿ ಪಾಠ ಮಾಡಿದವರಲ್ಲಿ ಮೆಕ್ಸಿಕೋ ದೊಡ್ಡದು. 2020ರ ಆಗಸ್ಟ್ 24ರಿಂದ ಖಾಸಗಿ ಟಿವಿ ಕಂಪನಿಗಳ ಜೊತೆ ಒಪ್ಪಂದ ಮಾಡಿಕೊಂಡು ಹೊಸ ಶಾಲಾ ವರ್ಷವನ್ನೇ ಟಿವಿಯಲ್ಲಿ ಶುರು ಮಾಡಿದರು, ಸುಮಾರು 3 ಕೋಟಿ ಮಕ್ಕಳಿಗೆ. ವ್ಯಾಪ್ತಿ ಏನೋ ಭರ್ಜರಿ. ಆದರೆ ಟಿವಿ ಯಾರ ಮುಖವನ್ನೂ ನೋಡುವುದಿಲ್ಲ. ಅರ್ಥವಾಗದೆ ಹುಬ್ಬು ಗಂಟಿಕ್ಕಿದ ಮಗುವಿಗಾಗಿ ಅದು ನಿಲ್ಲುವುದೂ ಇಲ್ಲ.

ಸುಣ್ಣದಕಡ್ಡಿ:
ರೇಡಿಯೋಕಿವಿ ಸರ್, ಶಿಕಾಗೋ ವಿಷಯ ಗೊತ್ತೇ ಇರಲಿಲ್ಲ. ಟೆಲಿಫೋನ್ ಅಂದದ್ದಕ್ಕೆ ಒಂದು ನೆನಪಾಯಿತು.

ಮುಚ್ಚಿದ ನಾಲ್ಕನೇ ತಿಂಗಳಿರಬೇಕು. ಗ್ರೂಪಿನಲ್ಲಿ ಒಂದೂ ಉತ್ತರ ಬಾರದ ಹುಡುಗನೊಬ್ಬನಿಗೆ ಕರೆ ಮಾಡಿ ಪಾಠ ಓದು ಅಂದೆ. ಓದಿದ. ತಪ್ಪಿಲ್ಲದೆ ಓದಿದ. ಆದರೆ ಪ್ರತಿ ಸಾಲಿಗೂ ಮುಂಚೆ ಒಂದು ಉಸಿರಿನಷ್ಟು ತಡ. ಫೋನನ್ನು ಕಿವಿಗೆ ಒತ್ತಿ ಹಿಡಿದೆ. ಅವನಿಗಿಂತ ಮೊದಲು ಇನ್ನೊಂದು ದನಿ ಪಿಸುಗುಡುತ್ತಿತ್ತು. ಅಕ್ಕ ಓದಿ ಹೇಳುತ್ತಾಳೆ, ಇವನು ಜೋರಾಗಿ ಹೇಳುತ್ತಾನೆ. ಬೈಯುವ ಮೊದಲು ಯಾಕೋ ತಡೆದೆ. "ನಿನ್ನ ಹಿಂದೆ ಇರುವ ಟೀಚರಿಗೆ ಫೋನ್ ಕೊಡು" ಅಂದೆ. ಆಕೆ ಏಳನೇ ಕ್ಲಾಸ್. ಅವತ್ತಿನಿಂದ ವಾರಕ್ಕೊಮ್ಮೆ ನಾನು ಅಕ್ಕನಿಗೆ ಹೇಳಿಕೊಡುವುದು, ಅಕ್ಕ ತಮ್ಮನಿಗೆ. ಶಾಲೆ ತೆರೆದಾಗ ಆ ಕ್ಲಾಸಿನಲ್ಲಿ ಅಕ್ಷರ ಮರೆಯದೆ ಬಂದ ಕೆಲವರಲ್ಲಿ ಅವನೊಬ್ಬ.

ಮೂವತ್ತು ವಿಡಿಯೋ ಮಾಡುವ ಹೊತ್ತಿನಲ್ಲಿ ಇಂಥ ಕರೆ ಎಷ್ಟು ಮಾಡಬಹುದಿತ್ತು ಅಂತ ಈಗ ಲೆಕ್ಕ ಹಾಕುತ್ತೇನೆ.

ಅಂಕಿಅಂಶಿ:
ಮೇಡಂ, ನಿಮಗೆ ಗೊತ್ತಿಲ್ಲದೆ ಬೋಟ್ಸ್‌ವಾನಾದ ಪ್ರಯೋಗ ಮಾಡಿದ್ದೀರಿ! 2020ರಲ್ಲಿ ಅಲ್ಲಿ ಸುಮಾರು 4,500 ಕುಟುಂಬಗಳನ್ನು ಚೀಟಿ ಎತ್ತಿದ ಹಾಗೆ ಮೂರು ಗುಂಪು ಮಾಡಿದರು. ಒಂದು ಗುಂಪಿಗೆ ವಾರಕ್ಕೊಮ್ಮೆ ಎಸ್ಎಂಎಸ್‌ನಲ್ಲಿ ಕೆಲವು ಲೆಕ್ಕ. ಇನ್ನೊಂದಕ್ಕೆ ಎಸ್ಎಂಎಸ್ ಜೊತೆ 15ರಿಂದ 20 ನಿಮಿಷದ ಫೋನ್ ಕರೆ. ಮೂರನೆಯದಕ್ಕೆ ಏನೂ ಇಲ್ಲ. ಸ್ಮಾರ್ಟ್‌ಫೋನ್ ಬೇಕಿಲ್ಲ, ಗುಂಡಿ ಒತ್ತುವ ಫೋನ್ ಸಾಕು. ಕೊನೆಗೆ ನೋಡಿದರೆ ಬರೀ ಎಸ್ಎಂಎಸ್ ಗುಂಪಿಗೆ ಹೇಳಿಕೊಳ್ಳುವಂಥ ಲಾಭವಿಲ್ಲ. ಕರೆ ಬಂದ ಮಕ್ಕಳು ಗಣಿತದಲ್ಲಿ ಮುಂದಿದ್ದರು. ಮುಂದೆ ಇದನ್ನೇ ಭಾರತ, ನೇಪಾಳ, ಕೆನ್ಯಾ, ಉಗಾಂಡಾ, ಫಿಲಿಪ್ಪೀನ್ಸ್‌ನಲ್ಲಿ ಮಾಡಿದಾಗಲೂ ಫಲ ಸಿಕ್ಕಿತು.

ಗುಟ್ಟು ಏನೆಂದರೆ, ಕರೆ ಮಾಡಿದವರು ತರಗತಿಯ ಪಠ್ಯ ಓದಿ ಹೇಳಲಿಲ್ಲ. ಎಷ್ಟೋ ಕರೆಗಳಲ್ಲಿ ಮಗುವಿಗೆ ಕೂಡುವುದು ಬರುತ್ತದೋ, ಕಳೆಯುವುದು ಬರುತ್ತದೋ ನೋಡಿ, ಬಾರದ ಜಾಗದಿಂದಲೇ ಹಿಡಿದರು.

ಹಳೇಮೇಷ್ಟ್ರು:
ಇದಕ್ಕೆ ನನ್ನದೊಂದು ಸಾಕ್ಷಿ. ನಾನು ವರ್ಕ್‌ಶೀಟ್ ಹಂಚಿ, ವಾರದ ಕೊನೆಗೆ ವಾಪಸ್ ತರಿಸುತ್ತಿದ್ದೆ. ಒಬ್ಬ ಹುಡುಗಿಯದು ಪ್ರತಿ ವಾರ ಕಳೆಯುವ ಲೆಕ್ಕ ತಪ್ಪು. 52ರಲ್ಲಿ 37 ಕಳೆದರೆ 25. 81ರಲ್ಲಿ 46 ಕಳೆದರೆ 45. ಕೆಂಪು ಇಂಕಿನಲ್ಲಿ ಅಡ್ಡಗೆರೆ ಎಳೆದು ಕಳಿಸುತ್ತಲೇ ಇದ್ದೆ. ಒಂದು ದಿನ ಫೋನ್ ಮಾಡಿ, "52ರಲ್ಲಿ 37, ಹೇಗೆ ಮಾಡಿದೆ ಬಾಯಲ್ಲಿ ಹೇಳಮ್ಮಾ" ಅಂದೆ. "ಎರಡರಲ್ಲಿ ಏಳು ಹೋಗಲ್ಲ ಸರ್, ಅದಕ್ಕೆ ಏಳರಲ್ಲಿ ಎರಡು ಕಳೆದೆ" ಅಂದಳು. ಎಷ್ಟು ಮರ್ಯಾದಸ್ಥ ತಪ್ಪು ನೋಡಿ. ಹೋಗದೇ ಇದ್ದದ್ದನ್ನು ಹೋಗುವ ಹಾಗೆ ತಿರುಗಿಸಿಕೊಂಡಿದ್ದಾಳೆ. ದಶಕ ಸಾಲ ತರುವುದನ್ನು ಹತ್ತು ಕಡ್ಡಿಯ ಕಟ್ಟು ಬಿಚ್ಚಿಸಿ ಫೋನಲ್ಲೇ ಹೇಳಿಕೊಟ್ಟೆ. ಹನ್ನೊಂದು ನಿಮಿಷ ಹಿಡಿಯಿತು. ಮುಂದಿನ ವಾರದ ಹಾಳೆಯಲ್ಲಿ ಎಂಟಕ್ಕೆ ಏಳು ಸರಿ.

ಕೆಂಪು ಇಂಕು ಆರು ವಾರ ಮಾಡದ ಕೆಲಸ ಅದು.

ಮಧ್ಯಾಹ್ನದಬೆಲ್:
ಕರೆ ಕರೆ ಅಂತ ಎಲ್ಲರೂ ಹೇಳುತ್ತಿದ್ದೀರಿ, ಕರೆ ಮಾಡುವವರ ಪಾಡು ಯಾರೂ ಹೇಳುತ್ತಿಲ್ಲ. ನನಗೆ ಎರಡು ತರಗತಿ ಸೇರಿ 58 ಮಕ್ಕಳು. ತಲೆಗೆ 15 ನಿಮಿಷ ಅಂದರೂ ವಾರಕ್ಕೆ ಹದಿನಾಲ್ಕೂವರೆ ಗಂಟೆ, ಅದೂ ಫೋನ್ ಎತ್ತಿದರೆ. ಬಹುಪಾಲು ಫೋನ್ ಮನೆಗೆ ಬರುವುದೇ ಸಂಜೆ ಏಳರ ಮೇಲೆ. ಆಗ ನನ್ನ ಮನೆಯಲ್ಲೂ ಮಕ್ಕಳಿದ್ದವು, ಹಾಸಿಗೆ ಹಿಡಿದ ಅತ್ತೆ ಇದ್ದರು. ಸಾಲದ್ದಕ್ಕೆ ಕರೆ ಮಾಡಿದ್ದಕ್ಕೆ ಸ್ಕ್ರೀನ್‌ಶಾಟ್, ಹಾಳೆ ಹಂಚಿದ್ದಕ್ಕೆ ಫೋಟೋ, ಎರಡನ್ನೂ ಸೇರಿಸಿ ಎಕ್ಸೆಲ್ ಶೀಟ್, ರಾತ್ರಿ ಒಂಬತ್ತರ ಒಳಗೆ. ಪಾಠಕ್ಕಿಂತ ಪಾಠದ ಪುರಾವೆ ಭಾರವಾಯಿತು. ನನ್ನ ಸ್ವಂತ ನಂಬರ್ ಎಲ್ಲರಿಗೂ ಹೋಗಿ ಇವತ್ತಿಗೂ ರಾತ್ರಿ ಹತ್ತಕ್ಕೆ ಮೆಸೇಜು.

ಮೇಡಂ, ಯೋಜನೆ ಬರೆಯುವಾಗ ಟೀಚರ್ ಕೂಡ ಆ ಊರಲ್ಲೇ, ಆ ರೋಗದಲ್ಲೇ ಇರುತ್ತಾರೆ ಅಂತ ಒಂದು ಸಾಲು ಸೇರಿಸಿ.

ಸುಣ್ಣದಕಡ್ಡಿ:
ಇದಕ್ಕೆ ನನ್ನಲ್ಲಿ ಉತ್ತರ ಇಲ್ಲ ಮೇಡಂ. ವರದಿ ಕೇಳುವ ಜಾಗದಲ್ಲಿ ಈಗ ನಾನೇ ಕೂತಿದ್ದೇನೆ ಅನ್ನುವುದು ಓದುತ್ತಾ ಚುಚ್ಚಿತು.

ಶೂನ್ಯಸಿಗ್ನಲ್:
58ಕ್ಕೂ ಒಂದೇ ಅಳತೆ ಯಾಕೆ? ಮನೆಯಲ್ಲಿ ಓದು ಬರುವವರು ಇದ್ದಾರೆ ಅಂತ ಮೇಷ್ಟ್ರ ಪಟ್ಟಿಯಲ್ಲಿ ಬಂದ ಮಕ್ಕಳಿಗೆ ಹದಿನೈದು ದಿನಕ್ಕೊಮ್ಮೆ ಕರೆ ಸಾಕು. ಯಾರೂ ಇಲ್ಲದ ಹತ್ತು ಹನ್ನೆರಡು ಮಕ್ಕಳಿಗೆ ವಾರಕ್ಕೆ ಎರಡು. ನಾವು ಮಾಡಿದ್ದು ಉಲ್ಟಾ. ಉತ್ತರ ಕೊಡುವ ಮಕ್ಕಳ ಜೊತೆ ಮಾತಾಡುವುದು ಸುಲಭ, ಹಾಗಾಗಿ ಅವರ ಜೊತೆಗೇ ಮಾತಾಡಿದೆವು. ಕ್ಲಾಸಿನಲ್ಲಿ ಮುಂದಿನ ಬೆಂಚಿಗೆ ಪಾಠ ಮಾಡುವ ಚಟ ಫೋನಲ್ಲೂ ಬಿಡಲಿಲ್ಲ.

ಮಧ್ಯಾಹ್ನದಬೆಲ್:
ಇದು ಆಗುವ ಮಾತು. ಜೊತೆಗೆ ಶಾಲೆಗೇ ಒಂದು ಸಿಮ್ ಇದ್ದರೆ ಇನ್ನೂ ಒಳ್ಳೆಯದು.

ಕೈಮಾತು:
ಫೋನ್ ಕರೆ ಎಲ್ಲದಕ್ಕೂ ಮದ್ದು ಅಂತ ತೀರ್ಮಾನ ಆಗುವ ಮೊದಲು ಒಂದು ಮಾತು. ನನ್ನ ಮಗಳಿಗೆ ಕಿವಿ ಕೇಳುವುದಿಲ್ಲ. ರೇಡಿಯೋ, ಫೋನ್ ಎರಡೂ ಅವಳಿಗೆ ಗೋಡೆ. ಟಿವಿ ಪಾಠದಲ್ಲಿ ಟೀಚರ್ ಬೋರ್ಡಿನ ಕಡೆ ತಿರುಗಿದ ಕೂಡಲೇ ತುಟಿ ಕಾಣುವುದಿಲ್ಲ, ಸನ್ನೆಯವರನ್ನು ಮೂಲೆಯಲ್ಲಿ ಅಂಚೆಚೀಟಿಯಷ್ಟು ಮಾಡಿರುತ್ತಾರೆ. ಶಾಲೆ ತೆರೆದ ಮೇಲೆ ಮಾಸ್ಕ್ ಬಂದು ಅದೂ ಹೋಯಿತು. ಅವಳಿಗೆ ಕೆಲಸಕ್ಕೆ ಬಂದದ್ದು ವಿಡಿಯೋ ಕರೆ, ಇಬ್ಬರೇ, ಬೆಳಕು ಮುಖದ ಮೇಲೆ ಬೀಳುವ ಹಾಗೆ ಕೂತು. ಅವಳ ಟೀಚರ್ ಕಿಟಕಿಗೆ ಬೆನ್ನು ಹಾಕಿ ಕೂತರೆ ಮುಖ ಕಪ್ಪಾಗಿ ಕಾಣುತ್ತಿತ್ತು. ನಾಲ್ಕನೇ ದಿನ ಮಗಳೇ ಕೈ ಆಡಿಸಿ ಅವರನ್ನು ಎಬ್ಬಿಸಿ ಆ ಕಡೆ ಕೂರಿಸಿದಳು.

ಹೆಸರಿನ ಮುಂದೆ ಬರೆಯುವ ಮೂರು ಸಂಗತಿಗೆ ನಾಲ್ಕನೆಯದನ್ನು ಸೇರಿಸಿ. ಈ ಮಗು ಹೇಗೆ ಕೇಳುತ್ತದೆ, ಹೇಗೆ ನೋಡುತ್ತದೆ.

ಹಳೇಮೇಷ್ಟ್ರು:
ಸೇರಿಸಿದೆ. ಇಂಟರ್ನೆಟ್ ಐದನೆಯದಕ್ಕೆ ಹೋಯಿತು.

ರೇಡಿಯೋಕಿವಿ:
ಪಾಠದ ಆಚೆಯದ್ದೂ ಬರಬೇಕಲ್ಲವೇ. ಸಿಯೆರಾ ಲಿಯೋನ್‌ನಲ್ಲಿ ಎಬೋಲಾದಿಂದ 2014ರ ಮಧ್ಯಭಾಗದಲ್ಲಿ ಮುಚ್ಚಿದ ಶಾಲೆ ತೆರೆದದ್ದು 2015ರ ಏಪ್ರಿಲ್‌ಗೆ. ರೇಡಿಯೋ ಪಾಠ ಅಲ್ಲೂ ಇತ್ತು. ಆದರೆ ಆ ತಿಂಗಳುಗಳಲ್ಲಿ ಎಷ್ಟೋ ಹುಡುಗಿಯರು ಗರ್ಭಿಣಿಯರಾದರು. ಶಾಲೆ ತೆರೆದಾಗ ಹೊಟ್ಟೆ ಕಾಣುವವರು ಒಳಗೆ ಬರಬಾರದು ಅಂತ ಸರ್ಕಾರವೇ ತಡೆಯಿತು. ಆ ನಿಷೇಧ ತೆಗೆದದ್ದು 2020ರ ಮಾರ್ಚಿನಲ್ಲಿ, ಮುಂದಿನ ಮುಚ್ಚುವಿಕೆ ಶುರುವಾಗುವ ಹೊತ್ತಿಗೆ ಸರಿಯಾಗಿ. ಉಗಾಂಡಾದಲ್ಲಿ 2020ರ ಮಾರ್ಚಿನಿಂದ 2022ರ ಜನವರಿ 10ರವರೆಗೆ, ನಡುವೆ ಒಂದಿಷ್ಟು ತರಗತಿ ತೆರೆದು ಮುಚ್ಚಿದ್ದು ಬಿಟ್ಟರೆ, ಶಾಲೆಯೇ ಇರಲಿಲ್ಲ. ಅಲ್ಲೂ ಎಷ್ಟೋ ಮಕ್ಕಳು ಮರಳಿ ಬರಲಿಲ್ಲ. ಕೆಲಸಕ್ಕೆ ಹೋದವರು, ಮದುವೆಯಾದವರು.

ಎರಡುಮಕ್ಕಳಮ್ಮ:
ಊಟ ಮರೆಯಬೇಡಿ. ವಿಶ್ವ ಆಹಾರ ಕಾರ್ಯಕ್ರಮದ ಲೆಕ್ಕದಲ್ಲಿ 37 ಕೋಟಿ ಮಕ್ಕಳಿಗೆ ಶಾಲೆಯ ಊಟ ತಪ್ಪಿತ್ತು. ಹಸಿದ ಮಗುವಿಗೆ ಲಿಂಕ್ ಕಳಿಸಿ ಏನು ಪ್ರಯೋಜನ? ಬ್ರಿಟನ್‌ನಲ್ಲಿ ರಜೆಯಲ್ಲೂ ಊಟದ ವೋಚರ್ ಕೊಡಿ ಅಂತ ಒಬ್ಬ ಫುಟ್‌ಬಾಲ್ ಆಟಗಾರ, ಮಾರ್ಕಸ್ ರ‍್ಯಾಶ್‌ಫರ್ಡ್, 2020ರ ಜೂನ್‌ನಲ್ಲಿ ಬಹಿರಂಗ ಪತ್ರ ಬರೆದ ಮೇಲೆ ಸರ್ಕಾರ ಒಪ್ಪಿತು. ಕೇಳುವವರು ಬೇಕು ಅಷ್ಟೇ.

ಶೂನ್ಯಸಿಗ್ನಲ್:
ಊಟದ ಸಾಮಾನು ಕೊಡುವ ದಿನವೇ ವರ್ಕ್‌ಶೀಟ್ ಕೊಟ್ಟು ಹಳೆಯದು ವಾಪಸ್ ಪಡೆಯುವುದು ಒಳ್ಳೆಯ ಉಪಾಯ. ಹೇಗೂ ಮನೆಯಿಂದ ಒಬ್ಬರು ಬಂದೇ ಬರುತ್ತಾರೆ. ಬಂದವರ ಹತ್ತಿರ ಎರಡು ನಿಮಿಷ ನಿಂತು ಮಾತಾಡಿದರೆ ಮನೆಯ ಸ್ಥಿತಿ ತಿಳಿಯುತ್ತದೆ. ಅಮೆರಿಕದಲ್ಲಿ ಶಾಲೆ ಮುಚ್ಚಿದ ತಿಂಗಳುಗಳಲ್ಲಿ ಮಕ್ಕಳ ಮೇಲಿನ ದೌರ್ಜನ್ಯದ ದೂರುಗಳು ಕಡಿಮೆಯಾದವು. ದೌರ್ಜನ್ಯ ಕಡಿಮೆಯಾಯಿತು ಅಂತ ಅಲ್ಲ. ಕೈ ಮೇಲಿನ ಬರೆ ನೋಡಿ ದೂರು ಕೊಡುತ್ತಿದ್ದ ಟೀಚರ್‌ಗಳಿಗೆ ಮಕ್ಕಳು ಕಾಣುತ್ತಿರಲಿಲ್ಲ.

ಮಧ್ಯಾಹ್ನದಬೆಲ್:
ಅದು ಓದಿ ಮೈ ಜುಮ್ಮೆಂದಿತು. ವಿಡಿಯೋದಲ್ಲೂ ಕಾಣುವುದು ಕತ್ತಿನ ಮೇಲಿನದಷ್ಟೇ.

ಸರ್ವರ್‌ಡೌನ್:
ಮಕ್ಕಳನ್ನು ಕರೆಸುವ ಬದಲು ಟೀಚರ್‌ಗಳೇ ಮಕ್ಕಳಿದ್ದಲ್ಲಿಗೆ ಹೋಗುವುದರ ಬಗ್ಗೆ ಯಾರೂ ಹೇಳಲಿಲ್ಲ. ಕರ್ನಾಟಕದಲ್ಲಿ 2020ರ ಆಗಸ್ಟ್‌ನಲ್ಲಿ ಶುರುವಾದ ವಿದ್ಯಾಗಮ ಅದೇ ಅಲ್ಲವೇ?

ಹಳೇಮೇಷ್ಟ್ರು:
ಹೌದು. ಮಕ್ಕಳನ್ನು ಚಿಕ್ಕ ಚಿಕ್ಕ ಗುಂಪು ಮಾಡಿ, ವಠಾರದಲ್ಲೋ ಮರದ ಕೆಳಗೋ ಕೂರಿಸಿ ಪಾಠ. ಕಲಿಕೆಯ ದೃಷ್ಟಿಯಿಂದ ನೋಡಿದರೆ ನಿಜವಾದ ಶಾಲೆಗೆ ಅತಿ ಹತ್ತಿರದ್ದು. ಮಗು ಕಣ್ಣೆದುರು ಇರುತ್ತದೆ, ತಪ್ಪು ಅಲ್ಲೇ ಕಾಣುತ್ತದೆ. ಆದರೆ ರೋಗವೂ ಅಷ್ಟೇ ಹತ್ತಿರ. ಶಿಕ್ಷಕರಿಗೆ, ಮಕ್ಕಳಿಗೆ ಸೋಂಕು ತಗುಲಿದ ಸುದ್ದಿ ಬಂದು ಅಕ್ಟೋಬರಿನಲ್ಲಿ ನಿಲ್ಲಿಸಿದರು. 2021ರ ಜನವರಿಯಲ್ಲಿ ಶಾಲೆಯ ಆವರಣದಲ್ಲೇ ಮತ್ತೆ ಶುರುವಾಯಿತು. ನಿಲ್ಲಿಸಿದ್ದು ತಪ್ಪು ಅಂತ ನಾನು ಹೇಳಲಾರೆ, ಶುರು ಮಾಡಿದ್ದು ತಪ್ಪು ಅಂತಲೂ ಹೇಳಲಾರೆ. ರೋಗ ಯಾವುದು, ಹೇಗೆ ಹರಡುತ್ತದೆ ಅನ್ನುವುದರ ಮೇಲೆ ಇದು ನಿಂತಿದೆ. ಹಾಗಾಗಿ ಮೇಡಂ ಯೋಜನೆಯಲ್ಲಿ ಇದು ಇರಲಿ, ಆದರೆ ಇದೊಂದೇ ಇರುವುದು ಬೇಡ.

ಅಂಕಿಅಂಶಿ:
ಫಿಲಿಪ್ಪೀನ್ಸ್ ನಡುವಿನ ದಾರಿ ಹಿಡಿಯಿತು. 2020ರ ಅಕ್ಟೋಬರ್ 5ಕ್ಕೆ ಶಾಲಾ ವರ್ಷ ಶುರು, ಮುಖ್ಯವಾಗಿ ಅಚ್ಚು ಹಾಕಿದ ಮಾಡ್ಯೂಲ್‌ಗಳಿಂದ. ಪೋಷಕರು ಬಂದು ಒಯ್ಯುವುದು, ಬರೆಸಿ ತಂದುಕೊಡುವುದು. ಕಾಗದಕ್ಕೆ ಚಾರ್ಜ್ ಬೇಡ, ಸಿಗ್ನಲ್ ಬೇಡ. ಆದರೆ ಬರೆದದ್ದು ಮಗುವೋ ಅಮ್ಮನೋ ಅನ್ನುವ ಅನುಮಾನ ಮಾತ್ರ ಅಲ್ಲೂ ತಪ್ಪಲಿಲ್ಲ.

ಎರಡುಮಕ್ಕಳಮ್ಮ:
ಅಮ್ಮನೇ. ಸಾಕ್ಷಿ ನಾನಿದ್ದೇನೆ. ಚಿಕ್ಕವನ ಹಾಳೆಯಲ್ಲಿ ಮೊದಲ ಎರಡು ಉತ್ತರ ಅವನದು, ಉಳಿದದ್ದು ನನ್ನದು. ಎಡಗೈಲಿ ಬರೆದು ಅಕ್ಷರ ಸೊಟ್ಟ ಮಾಡುತ್ತಿದ್ದೆ. ಅವನ ಟೀಚರ್ "ಬರವಣಿಗೆ ಸುಧಾರಿಸಬೇಕು" ಅಂತ ಷರಾ ಬರೆದರು, ನನಗೆ ಬೇಜಾರಾಯಿತು. 🙈

ಕೊನೇಬೆಂಚು:
ಆಂಟಿ, ಈಗ ಲಿಂಕ್ ನಾನು ಕಳಿಸಲಾ?

ಕೈಮಾತು:
ನಗು ಬಂತು. ಆದರೆ ಯಾಕೆ ಬರೆದುಕೊಟ್ಟಿರಿ ಅನ್ನುವುದೇ ಮುಖ್ಯ ಅಕ್ಕಾ. ಖಾಲಿ ಹಾಳೆ ಕೊಟ್ಟರೆ ಬೈಯುತ್ತಾರೆ ಅನ್ನುವ ಭಯ ತಾನೆ? ಮಗಳ ಟೀಚರ್ ಹಾಳೆಯ ತಲೆಯ ಮೇಲೆ ಒಂದು ಸಾಲು ಬರೆದು ಕಳಿಸುತ್ತಿದ್ದರು: "ಗೊತ್ತಿಲ್ಲದ ಲೆಕ್ಕಕ್ಕೆ ಸೊನ್ನೆ ಸುತ್ತಿ ಬಿಡು, ಅದರಿಂದಲೇ ಮುಂದಿನ ವಾರ ಶುರು ಮಾಡೋಣ." ಅಂಕ ಇಲ್ಲ ಅಂತ ಗೊತ್ತಾದ ದಿನದಿಂದ ನಾನು ಪೆನ್ಸಿಲ್ ಮುಟ್ಟಲಿಲ್ಲ.

ಎರಡುಮಕ್ಕಳಮ್ಮ:
ಹೌದು, ಭಯವೇ. ನನ್ನ ಮಗನಿಗಲ್ಲ, ನನಗೆ.

ಸುಣ್ಣದಕಡ್ಡಿ:
ಮೂರು ದಿನ ಈ ಕಡೆ ಬರಲಾಗಲಿಲ್ಲ, ಕ್ಷಮಿಸಿ. ನಿಮ್ಮೆಲ್ಲರ ಮಾತು ಮುಂದಿಟ್ಟುಕೊಂಡು ಬರೆದು ಕಳಿಸಿದೆ. ಎರಡು ಪುಟ ಅಂದಿದ್ದರು, ಒಂದೂವರೆಗೆ ಮುಗಿಯಿತು. ಮೊದಲ ವಾರ ಪಾಠವೇ ಇಲ್ಲ, ಪ್ರತಿ ಮನೆಗೂ ಒಂದು ಕರೆ ಮಾತ್ರ. ಊಟದ ಸಾಮಾನಿನ ದಿನವೇ ಹಾಳೆ ಕೊಟ್ಟು ತರಿಸಿಕೊಳ್ಳುವುದು. ಹಾಳೆಗೆ ಅಂಕ ಇಲ್ಲ, ಸೊನ್ನೆ ಸುತ್ತಿದ್ದೇ ಮುಂದಿನ ಪಾಠ. ಮನೆಯಲ್ಲಿ ಓದು ಬರುವವರಿಲ್ಲದ ಮಕ್ಕಳಿಗೆ ಹೆಚ್ಚು ಕರೆ. ಅಕ್ಕ ಅಣ್ಣಂದಿರು ಇದ್ದರೆ ಅವರ ಹೆಸರೂ ಪಟ್ಟಿಯಲ್ಲಿ. ಚಿಕ್ಕವರ ಸಮಯ ಸಂಜೆ. ಶಾಲೆಗೊಂದು ಸಿಮ್ ಕೊಡಿ, ಸ್ಕ್ರೀನ್‌ಶಾಟ್ ಕೇಳಬೇಡಿ ಅಂತಲೂ ಬರೆದೆ. ಟ್ಯಾಬ್ಲೆಟ್ ಕಲಂನಲ್ಲಿ ಸೊನ್ನೆ ಹಾಗೇ ಬಿಟ್ಟೆ. ನಿನ್ನೆ ವಾಪಸ್ ಬಂದಿದೆ: "ಆನ್‌ಲೈನ್ ವೇಳಾಪಟ್ಟಿ ಲಗತ್ತಿಸಿಲ್ಲ."

ಮಧ್ಯಾಹ್ನದಬೆಲ್:
ಕರೆಗಳ ಪಟ್ಟಿಗೇ "ವೇಳಾಪಟ್ಟಿ" ಅಂತ ತಲೆಬರಹ ಕೊಟ್ಟು ಲಗತ್ತಿಸಿ ಮೇಡಂ. ಫೋನ್ ಲೈನೂ ಲೈನೇ.

ಹಳೇಮೇಷ್ಟ್ರು:
ಅದು ಹೇಗೂ ಆಗುತ್ತದೆ. ನಂಬರ್ ಪರೀಕ್ಷೆ ಮಾಡಿದಿರಾ?

ಸುಣ್ಣದಕಡ್ಡಿ:
ಮಾಡಿದೆ ಸರ್. ಮೊದಲು ನಾಲ್ಕು, ಐದನೇ ತರಗತಿ. 61 ಮಕ್ಕಳು. 19 ನಂಬರ್ ಚಾಲ್ತಿಯಲ್ಲಿಲ್ಲ. ಎರಡು ಯಾರದೋ ಅಪರಿಚಿತರದು, ಅದರಲ್ಲೊಬ್ಬರು ಸಾಲದ ಕಂಪನಿಯವರು ಅಂದುಕೊಂಡು ಸರಿಯಾಗಿ ಬೈದರು. ಐದು ಮನೆಗಳಲ್ಲಿ ಫೋನ್ ಸಿಗುವುದು ರಾತ್ರಿ ಎಂಟರ ಮೇಲೆ. ಸರಿಯಿಲ್ಲದ 21 ಮಕ್ಕಳನ್ನು ನಾಳೆ ಪ್ರಾರ್ಥನೆ ಮುಗಿದ ಮೇಲೆ ಒಬ್ಬೊಬ್ಬರನ್ನಾಗಿ ಕರೆದು ಕೇಳಬೇಕು.

ಒಂದು ಕರೆಯನ್ನು ಐದನೇ ಕ್ಲಾಸಿನ ಹುಡುಗನೇ ಎತ್ತಿದ. ಯಾಕೆ ಫೋನ್ ಮಾಡಿದೆ ಅಂತ ಹೇಳಿದೆ. ಒಂದು ಕ್ಷಣ ಸುಮ್ಮನಿದ್ದು, "ಹಂಗಾದ್ರೆ ಶಾಲೆ ಮತ್ತೆ ಮುಚ್ತಾರಾ ಮಿಸ್?" ಅಂದ. ಇಲ್ಲಪ್ಪ, ಸುಮ್ಮನೆ ನಂಬರ್ ನೋಡಿದೆ ಅಂದೆ. "ಓ" ಅಂದ. ಅಷ್ಟು ನಿರಾಸೆಯ "ಓ" ನಾನು ಇತ್ತೀಚೆಗೆ ಕೇಳಿರಲಿಲ್ಲ.